ಬೆಳ್ಳಕ್ಕಿ ಕಂಪನಿಯ ಕೊನೆಯ ತಬಕಡಿ

ಆ ಜೂನ್ ತಿಂಗಳಲ್ಲಿ ಬ್ರಿಟನ್ನಿನಿಂದ ನನಗೊಂದು ಇಮೇಲ್ ಬಂತು. ಬರೆದವರು ಬಸ್ಸು ಓಡಿಸಿ ನಿವೃತ್ತರಾದ ಒಬ್ಬ ಮುದುಕರು. ಎಂದೋ ಮುಚ್ಚಿಹೋದ ಒಂದು ಸಣ್ಣ ರೆಕಾರ್ಡ್ ಕಂಪನಿಯ ಚರಿತ್ರೆ ಬರೆಯುವುದು ಅವರಿಗೆ ಹಿಡಿದ ಹುಚ್ಚು. ಅಪ್ಪ ಬಿಟ್ಟುಹೋದ ರೆಕಾರ್ಡುಗಳ ಫೋಟೋವೊಂದನ್ನು ನಾನು ಹಳೇ ಹಾಡುಗಳ ಮರುಳರು ಸೇರುವ ವೆಬ್‌ಸೈಟಿನಲ್ಲಿ ಹಾಕಿದ್ದೆ. ಅದು ಅವರ ಕಣ್ಣಿಗೆ ಬಿದ್ದಿತ್ತು. 'ನಿಮ್ಮ ಫೋಟೋದ ಮೂಲೆಯಲ್ಲಿ ಕೆಂಪು ಲೇಬಲ್ಲಿನ ರೆಕಾರ್ಡೊಂದು ಅರ್ಧ ಕಾಣುತ್ತಿದೆ. ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕೈಯಿಂದ ಕೊರೆದ ಅಂಕಿಗಳಿರುತ್ತವೆ. ಟಾರ್ಚು ಹಿಡಿದು ಓದಿ ತಿಳಿಸುವಿರಾ? ದಯವಿಟ್ಟು ಅದನ್ನು ಹಾಕಿ ಕೇಳಲು ಮಾತ್ರ ಹೋಗಬೇಡಿ' ಎಂದಿತ್ತು.

ಕೇಳುವ ಪ್ರಶ್ನೆಯೇ ಇರಲಿಲ್ಲ. ಅಪ್ಪನ ಪ್ಲೇಯರ್ ಉಪ್ಪುಗಾಳಿಗೆ ತುಕ್ಕು ಹಿಡಿದು, ಸೂಜಿ ಮುರಿದು, ಮೂಲೆ ಸೇರಿ ಬಹಳ ಕಾಲವಾಗಿತ್ತು. ಕಾರವಾರದ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವವರೊಬ್ಬರಿಗೆ ಒಮ್ಮೆ ತೋರಿಸಿದ್ದೆ. ಅವರು ಮುಚ್ಚಳ ತೆಗೆದು ಒಳಗೆ ಇಣುಕಿ, 'ಇದ್ರಾಗೆ ಎಂತ ಉಳ್ದದೆ ಬಾಯಿ, ಮನೇಲಿಟ್ಟು ಪೂಜೆ ಮಾಡಿ' ಎಂದು ವಾಪಸು ಕೊಟ್ಟಿದ್ದರು. ನಾನು ಕಿಟಕಿಯ ಬಳಿ ಕೂತು ಟಾರ್ಚಿನ ಬೆಳಕು ಬಿಟ್ಟು ಅಂಕಿಗಳನ್ನು ಓದಿದೆ. ಸೂಜಿಯಿಂದ ಗೀಚಿದಂತಿದ್ದ ನಾಲ್ಕು ಅಂಕಿ, ಪಕ್ಕದಲ್ಲಿ ಒಂದು ಅಕ್ಷರ. ಬರೆದು ಕಳಿಸಿ ಚಹಾ ಮಾಡಲು ಎದ್ದೆ. ಚಹಾ ಕುದಿಯುವಷ್ಟರಲ್ಲಿ ಉತ್ತರ ಬಂದೇಬಿಟ್ಟಿತು.

ಉತ್ತರ ಉದ್ದವಾಗಿತ್ತು. ನನ್ನ ಅರ್ಧ ಆಯುಷ್ಯ ಇದೊಂದು ರೆಕಾರ್ಡಿಗಾಗಿ ಹುಡುಕಿದ್ದೇನೆ ಎಂದು ಮುದುಕರು ಬರೆದಿದ್ದರು. ಅದು ಆ ಕಂಪನಿ ಅಚ್ಚು ಹಾಕಿಸಿದ ಕೊನೆಯ ರೆಕಾರ್ಡು. ಹಾಡಿದವರು ಕೆರಿಬಿಯನ್ ದ್ವೀಪದಿಂದ ಬಂದು ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಒಬ್ಬ ತರುಣಿ. ರಾತ್ರಿಪಾಳಿ ಮುಗಿಸಿ ಬಂದು ಒಂದೇ ಮಧ್ಯಾಹ್ನದಲ್ಲಿ ಹಾಡಿ ಹೋದದ್ದು. ರೆಕಾರ್ಡು ಅಂಗಡಿಗೆ ಹೋಗುವ ಮೊದಲೇ ಕಂಪನಿಗೆ ಬೀಗ ಬಿತ್ತು. ಆ ಗಡಿಬಿಡಿಯಲ್ಲಿ ಲೇಬಲ್ಲಿನ ಮೇಲೆ ಬೇರೆ ಯಾರದೋ ಹೆಸರು ಅಚ್ಚಾಗಿತ್ತು. ಆಕೆಯ ಕೈಗೆ ಒಂದು ಪ್ರತಿಯೂ ಬರಲಿಲ್ಲ. ತನ್ನ ಹಾಡನ್ನು ಆಕೆ ಒಂದೇ ಒಂದು ಸಲವೂ ಕೇಳಿಲ್ಲ. 'ಆಕೆ ಈಗಲೂ ಇದ್ದಾರೆ. ಹಾಸಿಗೆ ಹಿಡಿದಿದ್ದಾರೆ. ಎಡಗಿವಿಯೊಂದು ಅಷ್ಟಿಷ್ಟು ಕೇಳಿಸುತ್ತದೆ. ಮಗಳು ನೋಡಿಕೊಳ್ಳುತ್ತಿದ್ದಾರೆ. ಹೋಗುವ ಮೊದಲು ಒಂದು ಸಲ ಅಮ್ಮನಿಗೆ ಅದನ್ನು ಕೇಳಿಸಬೇಕೆಂದು ಮಗಳ ಆಸೆ. ನನಗೆ ತಿಳಿದ ಮಟ್ಟಿಗೆ ಉಳಿದಿರುವುದು ನಿಮ್ಮ ಪ್ರತಿಯೊಂದೇ. ಹಾಳು ಸೂಜಿಯಲ್ಲಿ ಹಾಕಿದರೆ ಅದೂ ಹೋದೀತು. ದಯವಿಟ್ಟು ಕಳಿಸಿಕೊಡಿ.'

ಅಂಕೋಲಾ ಪೇಟೆಯಿಂದ ದೂರ, ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ ನಮ್ಮ ಮನೆ. ನಾನು ಅಂಕೋಲಾದ ಒಂದು ಗ್ರಂಥಾಲಯದಲ್ಲಿ ನೌಕರಿ ಮಾಡುತ್ತೇನೆ. ಮನೆಯಲ್ಲಿ ನಾನು, ಆಯಿ, ಅಂದರೆ ನಮ್ಮಮ್ಮ, ಇಬ್ಬರೇ. ಆಯಿ ಬುಟ್ಟಿ ಹೊತ್ತು ಮೀನು ಮಾರಿ ನಮ್ಮನ್ನು ಬೆಳೆಸಿದವಳು. ಈಗ ಮೊಣಕಾಲು ಕೇಳುವುದಿಲ್ಲ, ಬಾಯಿ ಮಾತ್ರ ಸುಸ್ಥಿತಿಯಲ್ಲಿದೆ. ಮನೆಮಾತು ಕೊಂಕಣಿಯಾದ್ದರಿಂದ ನಮ್ಮಲ್ಲಿ ರೆಕಾರ್ಡಿಗೆ ತಬಕಡಿ ಎಂದೇ ಹೆಸರು. ಆ ಕಂಪನಿಯ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಲೇಬಲ್ಲಿನ ಮೇಲೆ ಉದ್ದ ಕಾಲಿನ ಹಕ್ಕಿಯ ಚಿತ್ರವಿತ್ತು. ಅಪ್ಪ ಅದನ್ನು ಬೆಳ್ಳಕ್ಕಿ ಅಂದ, ನಮಗೆ ಅದು ಬೆಳ್ಳಕ್ಕಿ ಕಂಪನಿಯಾಯಿತು. ಅದು ಬೆಳ್ಳಕ್ಕಿಯಲ್ಲ, ಬೇರೆ ಜಾತಿಯ ಕೊಕ್ಕರೆ ಎಂದು ಮುದುಕರು ಆಮೇಲೆ ತಿದ್ದಿದರು. ಚರಿತ್ರೆ ಬರೆಯುವವರು ಇಂಥದ್ದನ್ನು ಬಿಡುವುದೇ ಇಲ್ಲ.

ಅಪ್ಪ ಹಡಗಿನ ಎಂಜಿನ್ ಕೋಣೆಯಲ್ಲಿದ್ದ. ಬ್ರಿಟನ್ನಿನ ಬಂದರಿಗೆ ಹೋದಾಗಲೆಲ್ಲ ಹಡಗುಕಟ್ಟೆಯ ಹತ್ತಿರ ಹಳೇ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಸಣ್ಣ ತಬಕಡಿಗಳ ಕಟ್ಟು ಸಿಗುತ್ತಿತ್ತಂತೆ. ಮುಚ್ಚಿದ ಕಂಪನಿಯಲ್ಲಿ ಉಳಿದ ಮಾಲನ್ನು ಸುತಲಿ ದಾರ ಕಟ್ಟಿ ಗುಜರಿ ಲೆಕ್ಕದಲ್ಲಿ ಮಾರುತ್ತಿದ್ದರಂತೆ. ಇಂಗ್ಲಿಷ್ ಓದಲು ಬಾರದ ಅಪ್ಪ ಹಕ್ಕಿಯ ಗುರುತು ನೋಡಿ ಕೊಳ್ಳುತ್ತಿದ್ದ. ನೀಲಿ ಲೇಬಲ್ಲಿನವು ಪಾಪ್ ಹಾಡುಗಳು, ಕುಣಿಯುವಂಥವು. ಕೆಂಪಿನವು 'ಸೋಲ್' ಎಂಬ ಬಗೆಯವು. ಇಗರ್ಜಿಯಲ್ಲಿ ಹಾಡಿ ಪಳಗಿದ ಕರಿಯರ ಗಂಟಲಿನಿಂದ ಬಂದ, ಎದೆ ಹಿಂಡುವ ಹಾಡುಗಳು. 'ನೀಲಿ ಕಾಲಿಗೆ, ಕೆಂಪು ಎದೆಗೆ' ಎನ್ನುತ್ತಿದ್ದ ಅಪ್ಪ. ಮಕ್ಕಳ ಎದುರು ಹೆಚ್ಚಾಗಿ ನೀಲಿಯನ್ನೇ ಹಾಕುತ್ತಿದ್ದ. ನಾನೂ ತಂಗಿಯೂ ನಾವು ಮೊದಲಿದ್ದ ಕಾರವಾರದ ಪಕ್ಕದ ಆರ್ಗಾದ ಮನೆಯ ಸೆಗಣಿ ಸಾರಿಸಿದ ನೆಲದಲ್ಲಿ ಲಂಡನ್ನಿನವರ ಹಾಗೆ ಕುಣಿದವರು.

ಕಂಪನಿಯ ಕತೆಯನ್ನು ಮುದುಕರು ಕಂತುಕಂತಾಗಿ ಕಳಿಸತೊಡಗಿದರು. ಪಿಯಾನೋ ಮಾರುವವನೊಬ್ಬ, ಡ್ಯಾನ್ಸ್ ಹಾಲು ನಡೆಸುವವನೊಬ್ಬ, ಇಬ್ಬರು ಗೆಳೆಯರು ಸೇರಿ ಚಪ್ಪಲಿ ಅಂಗಡಿಯೊಂದರ ಮಾಳಿಗೆಯಲ್ಲಿ ಶುರುಮಾಡಿದ್ದು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಹಳೇ ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಹಾಡುವವರು ಕಾರ್ಖಾನೆಯ ಹುಡುಗಿಯರು, ಬಸ್ ಕಂಡಕ್ಟರುಗಳು, ನರ್ಸುಗಳು. ನೀಲಿ ಮಾರಿ ಬಂದದ್ದರಲ್ಲಿ ಕೆಂಪಿನ ಹೊಟ್ಟೆ ಹೊರೆಯುವುದು. ನೀಲಿ ನಡೆಯುವವರೆಗೆ ಎಲ್ಲ ಸರಿ ಇತ್ತು. ಅದು ಕುಂಟತೊಡಗಿದಾಗ ಒಬ್ಬ ಕೆಂಪು ನಿಲ್ಲಿಸೋಣ ಅಂದ, ಇನ್ನೊಬ್ಬ ಸತ್ತರೂ ನಿಲ್ಲಿಸೆ ಅಂದ. ಜಗಳವಾಯಿತು, ಮಾತು ಬಿಟ್ಟರು, ಬಾಗಿಲಿಗೆ ಇಬ್ಬರದೂ ಒಂದೊಂದು ಬೀಗ ಬಿತ್ತು. ಹಡಗುಕಟ್ಟೆಯ ಅಂಗಡಿಯವನು ಅಪ್ಪನಿಗೆ ಹೇಳಿದ ಪ್ರಕಾರ ಜಗಳವಾದದ್ದು ಒಬ್ಬ ಹೆಂಗಸಿನ ವಿಷಯಕ್ಕೆ. ಮುದುಕರು ಅದನ್ನು ಒಪ್ಪುವುದಿಲ್ಲ. ನನಗೆ ಅಪ್ಪನ ಕತೆಯೇ ಇಷ್ಟ.

ಎಲ್ಲ ಹಾಡುಗಳ ಮೂಲ ಟೇಪುಗಳು ಆ ಕಟ್ಟಡದ ನೆಲಮಾಳಿಗೆಯಲ್ಲಿದ್ದವು. ಬೀಗ ಬಿದ್ದ ಚಳಿಗಾಲದಲ್ಲಿ ಒಳಗೆ ನೀರಿನ ಕೊಳವೆಯೊಂದು ಒಡೆಯಿತು. ಒಬ್ಬ ತನ್ನ ಬೀಗ ತೆಗೆಯುತ್ತೇನೆಂದರೆ ಇನ್ನೊಬ್ಬ ತನ್ನದನ್ನು ತೆಗೆಯಲು ಒಪ್ಪಲಿಲ್ಲ. ನೀರು ವಾರಗಟ್ಟಲೆ ಅಲ್ಲೇ ನಿಂತಿತು. ಕೊನೆಗೆ ಬಾಗಿಲು ಒಡೆದಾಗ ಟೇಪುಗಳು ಪಾಚಿಯ ಮುದ್ದೆಯಾಗಿದ್ದವು.

ಇದನ್ನು ಓದಿದ ದಿನ ಹೊರಗೆ ಮಳೆ ಜೋರಾಗಿತ್ತು. ನನಗೆ ಆರ್ಗಾ ಬಿಟ್ಟ ದಿನ ನೆನಪಾಯಿತು. ನೌಕಾನೆಲೆಗೆಂದು ಊರು ಖಾಲಿ ಮಾಡಿಸಿದಾಗ ನಾವು ಲಾರಿಯಲ್ಲಿ ಇಲ್ಲಿಗೆ ಬಂದೆವು. ದಾರಿಯುದ್ದಕ್ಕೂ ಮಳೆ. ತಾಡಪತ್ರಿ ಸೋರುತ್ತಿತ್ತು. ಅಪ್ಪ ಮನೆಯ ಅಕ್ಕಿಮೂಟೆ ನೆನೆಯಲು ಬಿಟ್ಟು ತಬಕಡಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೊಡೆ ಹಿಡಿದು ಕೂತಿದ್ದ. ಆಯಿ ಅದನ್ನು ಅವನು ಸಾಯುವವರೆಗೂ ಆಡಿ ತೋರಿಸಿದಳು. ಆಗ ನಗು ಬರುತ್ತಿತ್ತು. ಈಗ ಹಾಗನ್ನಿಸಲಿಲ್ಲ. ಆ ಕಂಪನಿಯ ಬೆನ್ನಿಗೆ ನೀರು ಬಿದ್ದಿದೆ, ಅದು ಹುಡುಕಿಕೊಂಡು ಬರುತ್ತಿದೆ ಎಂದು ಅನ್ನಿಸಿಬಿಟ್ಟಿತು. ಗ್ರಂಥಾಲಯದಲ್ಲಿ ಕೂತು ಸಂಬಳ ತೆಗೆದುಕೊಳ್ಳುವವಳಿಗೆ ಬರಬೇಕಾದ ಯೋಚನೆಯಲ್ಲ ಅದು. ಬಂತು, ಏನು ಮಾಡಲಿ.

ಅಂದೇ ಕಳಿಸಿಬಿಡಬೇಕೆಂದು ತಬಕಡಿಯನ್ನು ಎರಡು ರಟ್ಟುಗಳ ನಡುವೆ ಇಟ್ಟು, ಹಳೇ ಸೀರೆ ಸುತ್ತಿ, ಮೇಲೆ ಕಾಗದ ಅಂಟಿಸಿ ಕಟ್ಟು ಮಾಡಿದೆ. ಆಯಿ ಮೀನು ಕೊಯ್ಯುವ ಮಣೆಯ ಮೇಲಿಂದಲೇ ಕೇಳಿದಳು.

'ಎಲ್ಲಿಗೆ ಅದು?'

'ಬಿಲಾಯತಿಗೆ. ಹಾಡ್ದವ್ರು ಇನ್ನೂ ಅದಾರಂತೆ. ಹಾಸ್ಗೆ ಹಿಡ್ದಾರೆ. ಒಂದ್ಸಲ ಕೇಳ್ಬೇಕಂತೆ.'

ಆಯಿ ಮೀನು ಕೆಳಗಿಟ್ಟಳು. 'ಕಳ್ಸು. ಕಳ್ಸಲೇಬೇಕು. ಆದ್ರೆ ಹುಣ್ಣಿಮೆ ಆಗ್ಲಿ' ಎಂದಳು.

ಅವಳು ಹೇಳಿದ್ದು ನಾರಳಿ ಹುಣ್ಣಿಮೆ. ಶ್ರಾವಣದಲ್ಲಿ ಸಮುದ್ರಕ್ಕೆ ತೆಂಗಿನಕಾಯಿ ಕೊಡುವ ದಿನ. ಮಳೆಗಾಲದ ಮುನಿದ ಕಡಲು ಆ ಕಾಯಿ ತೆಗೆದುಕೊಂಡು ಶಾಂತವಾಗುತ್ತದೆ, ಆಮೇಲೆಯೇ ದೋಣಿ ಇಳಿಸಬೇಕು ಎಂಬುದು ನಮ್ಮ ಕಡಲವರ ಪದ್ಧತಿ. ಈಗ ಸರ್ಕಾರದ ನಿಷೇಧ ಮುಗಿದ ಕೂಡಲೇ ದೊಡ್ಡ ಬೋಟುಗಳು ಹೊರಡುತ್ತವೆ, ಅದು ಬೇರೆ ಮಾತು. ನಮ್ಮ ಮನೆಯಲ್ಲಿ ಆ ಪದ್ಧತಿ ದೋಣಿಗೆ ನಿಂತಿರಲಿಲ್ಲ. ಮನುಷ್ಯರಿರಲಿ, ಸಾಮಾನಿರಲಿ, ಮಳೆಗಾಲ ಹಿಡಿದರೆ ಆ ಹುಣ್ಣಿಮೆಯಾಗುವ ತನಕ ಮನೆಯಿಂದ ಯಾವುದೂ ಉಪ್ಪುನೀರು ದಾಟಬಾರದು.

'ಆಯಿ, ಇದು ವಿಮಾನದಾಗೆ ಹೋಗ್ತದೆ.'

'ವಿಮಾನ ಎಂತದ್ರ ಮೇಲೆ ಹಾರ್ತದೆ? ಬರೀ ನಿನ್ನ ಅಂಕೋಲಾ ಪೇಟೆ ಮೇಲಾ?' ಎಂದಳು. ಆಮೇಲೆ ದನಿ ತಗ್ಗಿಸಿ, 'ನಿನ್ನ ಅಪ್ಪಂಗೂ ಹೀಂಗೇ ಹೇಳ್ದೆ. ಕೇಳ್ದ್ನಾ?' ಎಂದಳು.

ಒಂದು ವರ್ಷ ಹಡಗಿನವರು ಕರೆದರೆಂದು ಅಪ್ಪ ಆಷಾಢದಲ್ಲೇ ಹೊರಟುಹೋಗಿದ್ದ. ಆ ಸಲವೇ ಎಂಜಿನ್ನಿಗೆ ಎಡಗೈಯ ಎರಡು ಬೆರಳು ಕೊಟ್ಟು ಬಂದ. ಬೆರಳು ಹೋದದ್ದು ಯಂತ್ರದಿಂದ, ತಿಂಗಳಿನಿಂದಲ್ಲ. ಇದು ನನಗೆ ಗೊತ್ತು. ಆದರೆ ಉಳಿದ ಮೂರು ಬೆರಳಿನಲ್ಲಿ ಅವನು ತಬಕಡಿಯ ಅಂಚು ಹಿಡಿಯುತ್ತಿದ್ದುದನ್ನು ನೋಡುತ್ತ ಬೆಳೆದವಳು ನಾನು. ಕಟ್ಟನ್ನು ಕಬ್ಬಿಣದ ಕಪಾಟಿನ ಮೇಲಿಟ್ಟೆ. ಮುದುಕರಿಗೆ, 'ಮಳೆಗಾಲದಲ್ಲಿ ಪಾರ್ಸೆಲ್ ನೆನೆಯುವ ಭಯ. ಆಗಸ್ಟಿನಲ್ಲಿ ಖಂಡಿತ ಕಳಿಸುತ್ತೇನೆ' ಎಂದು ಬರೆದೆ. ಆಯಿಯ ಹೆಸರು ಹೇಳಿ ತಪ್ಪಿಸಿಕೊಳ್ಳುವುದು ಸುಲಭ. ನಿಜ ಹೇಳಬೇಕೆಂದರೆ ನನಗೂ ಹೆದರಿಕೆಯಿತ್ತು.

ಜುಲೈ ಹೊಕ್ಕಿತು. ಮುದುಕರ ಇಮೇಲುಗಳು ಚಿಕ್ಕವಾಗುತ್ತ ಬಂದವು. ಆಕೆ ಊಟ ಬಿಟ್ಟಿದ್ದಾರೆ. ಆಕೆ ಈಗ ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಾರೆ. ಆಗಸ್ಟ್ ಯಾವ ವಾರ, ಮಗಳು ಕೇಳುತ್ತಿದ್ದಾರೆ. ನಾನು ಕ್ಯಾಲೆಂಡರಿನಲ್ಲಿ ಹುಣ್ಣಿಮೆಯ ಚುಕ್ಕೆ ನೋಡುತ್ತಿದ್ದೆ. ಅದು ಇದ್ದಲ್ಲೇ ಇರುತ್ತಿತ್ತು.

ಮಳೆ ಬಿಡಲಿಲ್ಲ. ನಾನು ದಿನಾ ಬಸ್ಸಿನಲ್ಲಿ ಹೋಗುವ ಹೆದ್ದಾರಿಯ ಪಕ್ಕ, ರಸ್ತೆಗಾಗಿ ಕಡಿದ ಗುಡ್ಡದಿಂದ ಕೆಂಪು ನೀರು ಇಳಿಯುತ್ತಿತ್ತು. ಡ್ರೈವರು ಅಲ್ಲಿಗೆ ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದ. ಬಸ್ಸಿನೊಳಗೆ ಎಲ್ಲರೂ ಸುಮ್ಮನಾಗಿ ಗುಡ್ಡದ ಕಡೆಗೇ ನೋಡುತ್ತಿದ್ದರು, ದಾಟಿದ ಮೇಲೆ ಒಮ್ಮೆಲೇ ಮಾತು ಶುರುವಾಗುತ್ತಿತ್ತು. ಒಂದು ಸಂಜೆ ಮನೆಗೆ ಬಂದಾಗ ಅಂಗಳದ ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬಂದಿತ್ತು. ಬಣ್ಣ ಚಹಾದಂತಿತ್ತು. ಆಯಿ ಅದನ್ನು ನೋಡಿ ಬಾವಿಯ ಕೊಡ, ಹಗ್ಗ ಒಳಗೆ ತಂದಿಟ್ಟಳು. ನನಗೆ ದಿಗಿಲಾಯಿತು.

ನನ್ನ ತಂಗಿ ರಾಮನಗುಳಿಯ ಕಡೆ ಶಾಲೆಯಲ್ಲಿ ಟೀಚರು. ಯಲ್ಲಾಪುರದ ದಾರಿಯಲ್ಲಿ, ನಮಗಿಂತ ಮೇಲೆ, ಅದೇ ಹೊಳೆಯ ಪಕ್ಕ. ಮಳೆಗಾಲದಲ್ಲಿ ಅವಳ ಫೋನೇ ನಮಗೆ ಹವಾಮಾನ ಇಲಾಖೆ. ಅಲ್ಲಿ ಏರಿದ ನೀರು ಕೆಲವು ತಾಸಿನಲ್ಲಿ ನಮ್ಮಲ್ಲಿಗೆ ಬರುತ್ತದೆ. ಆ ದಿನ ಬೆಳಿಗ್ಗೆ ನಾನು ತಿಂಡಿ ತಿನ್ನುತ್ತಿದ್ದಾಗ ಫೋನು ಬಂತು.

'ಅಕ್ಕಾ, ಹೊಳೆ ಶಾಲೆ ಗದ್ದೆಗೆ ಬಂದದೆ. ನಾನು ಇಷ್ಟು ಕಂಡದ್ದೇ ಇಲ್ಲ. ಆಯೀನ ಹೊರಡ್ಸು. ಸಾಮಾನು ಸಾಮಾನು ಹೇಳಿ ಕೂತ್ಕೊಬೇಡ, ಮೊದ್ಲು ಹೊರಡು.'

ನಾನು ಸಾಮಾನು ಎಂದು ಕೂರಲಿಲ್ಲ. ಕಾಗದಪತ್ರ, ಆಯಿಯ ಮಾತ್ರೆ, ಎರಡು ಸೀರೆ ಚೀಲಕ್ಕೆ ತುಂಬಿದೆ. ಬಾಗಿಲ ಹತ್ತಿರ ನಿಂತು ಕಪಾಟಿನ ಮೇಲಿದ್ದ ಕಟ್ಟನ್ನು ನೋಡಿದೆ. ಹೊರಗೆ ಹುಯ್ಯುವ ಮಳೆ, ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ನಡೆಯಲಾಗದ ಆಯಿ. ನೆನೆಯುವುದಕ್ಕಿಂತ ಆ ಎತ್ತರದಲ್ಲಿ ಇರುವುದೇ ಭದ್ರ ಅನ್ನಿಸಿತು. ಹಿಂದಿನ ನೆರೆಯಲ್ಲಿ ನೀರು ಹೊಸ್ತಿಲು ದಾಟಿರಲಿಲ್ಲ. ಬಾಗಿಲು ಎಳೆದು ಹೊರಟೆ.

ನಮ್ಮೂರಿನ ಎತ್ತರದ ಶಾಲೆಯಲ್ಲಿ ಕೂತು ಹೊಳೆ ನಮ್ಮ ಕೇರಿಗೆ ನುಗ್ಗುವುದನ್ನು ಹಾಡುಹಗಲಲ್ಲೇ ನೋಡಿದೆವು. ಸದ್ದು ಹೆಚ್ಚಿರಲಿಲ್ಲ. ಮೊದಲು ಅಂಗಳ ಹೋಯಿತು, ಆಮೇಲೆ ಬೇಲಿ, ಆಮೇಲೆ ಕಿಟಕಿಯ ಅರ್ಧ. ಎಲ್ಲಿಂದಲೋ ಬಂದ ಒಂದು ಹುಲ್ಲಿನ ಬಣವೆ ಹಾಗೇ ಇಡಿಯಾಗಿ ತೇಲಿ ನಮ್ಮ ಮನೆಯ ಮುಂದಿಂದ ಸಮುದ್ರಕ್ಕೆ ಹೋಯಿತು, ಅದರ ಮೇಲೆ ಎರಡು ಕೋಳಿ. ಕೇರಿಯವರೆಲ್ಲ ತಮ್ಮತಮ್ಮ ಮನೆ ನೋಡುತ್ತಿದ್ದರು. ನಾನು ಮನೆಯ ಬದಲು ಆ ಕಪಾಟನ್ನು ನೆನೆಯುತ್ತಿದ್ದೆ.

ಎರಡು ದಿನದ ಮೇಲೆ ನೀರು ಇಳಿಯಿತು. ಒಳಗೆ ಮೊಣಕಾಲುದ್ದ ಕೆಸರು. ಕಪಾಟು ಓರೆಯಾಗಿ ಗೋಡೆಗೆ ಒರಗಿತ್ತು, ಬಿದ್ದಿರಲಿಲ್ಲ. ಕಟ್ಟು ಅದರ ಮೇಲೆ ಮೂಲೆಗೆ ಸಿಕ್ಕಿಕೊಂಡಿತ್ತು. ಹೊರಗಿನ ಕಾಗದ ತೊಯ್ದಿತ್ತು, ಒಳಗೆ ರಟ್ಟು ಒದ್ದೆ. ತಬಕಡಿ ಮಾತ್ರ ಗಟ್ಟಿಯಾಗಿ, ಸಪಾಟಾಗಿ ಕೈಗೆ ಸಿಕ್ಕಿತು. ನಾನು ಕೆಸರಿನಲ್ಲಿ ನಿಂತು ಅತ್ತುಬಿಟ್ಟೆ. ಕೆಳಗಿನ ಪೆಟ್ಟಿಗೆಯಲ್ಲಿದ್ದ ಉಳಿದ ತಬಕಡಿಗಳೆಲ್ಲ ಕೆಸರಾಗಿದ್ದವು, ಆದರೂ ಒಡೆದಿರಲಿಲ್ಲ. ಪ್ಲಾಸ್ಟಿಕ್ಕಿಗೆ ನೀರು ಏನು ಮಾಡೀತು. ನೀರು ಸೋತಿತು ಎಂದು ನಾನು ಜೋರಾಗಿಯೇ ಅಂದೆ.

ಅಷ್ಟರಲ್ಲಿ ಗ್ರಂಥಾಲಯದಿಂದ ಫೋನು. ಕೆಳಗಿನ ಕಪಾಟುಗಳಿಗೆ ನೀರು ಹೊಕ್ಕಿದೆ, ಬನ್ನಿ ಎಂದರು. ಅಕ್ಕಪಕ್ಕದ ಹೆಂಗಸರು ಆಯಿಯ ಜೊತೆ ಮನೆ ತೊಳೆಯುತ್ತೇವೆ ಎಂದರು. ನಾನು ತಬಕಡಿಯನ್ನು ಆಯಿಯ ಕೈಗೆ ಕೊಟ್ಟು, 'ಇದೊಂದು ಜತನ' ಎಂದು ಹೇಳಿ ಹೋದೆ. ಆ ರಾತ್ರಿ ಅಂಕೋಲಾದಲ್ಲೇ ಗೆಳತಿಯ ಮನೆಯಲ್ಲಿ ಉಳಿದೆ. ಮರುದಿನವಿಡೀ ಫ್ಯಾನಿನ ಕೆಳಗೆ ಪುಸ್ತಕಗಳ ಹಾಳೆ ಬಿಡಿಸಿಟ್ಟು ಒಣಗಿಸಿದೆವು. ಬಿಸಿಲಿಗೆ ಇಡೋಣ ಎಂದ ಒಬ್ಬನಿಗೆ ನಾನೇ ಗದರಿಸಿ, ಪುಸ್ತಕ ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ, ನೆರಳೇ ಬೇಕು ಎಂದು ದೊಡ್ಡದಾಗಿ ಪಾಠ ಹೇಳಿದೆ. ವಾರಗಳ ನಂತರ ಅಂದು ಬಿಸಿಲು ಬಂದಿತ್ತು. ಚುರುಚುರು ಬಿಸಿಲು.

ಮೂರು ಗಂಟೆಗೆ ಮನೆಗೆ ಬಂದಾಗ ಅಂಗಳದ ತುಂಬ ಹಳೇ ಬಲೆ ಹಾಸಿತ್ತು. ಮೀನು ಒಣಗಿಸುವ ಬಲೆ. ಅದರ ಮೇಲೆ ಸಾಲುಸಾಲಾಗಿ ತಬಕಡಿಗಳು.

ಆಯಿ ಬಾವಿಕಟ್ಟೆಯ ಮೇಲೆ ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದಳು. ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಒಂದು ಗೆಲುವಿತ್ತು. 'ದೇವ್ರು ಕೊಟ್ಟಾಂಗೆ ಬಿಸ್ಲು ಬಂತು ಮಗಾ. ಎಲ್ಲಾ ಅಂಟ್ವಾಳ ಹಾಕಿ ತೊಳ್ದೆ. ಮಧ್ಯಾಹ್ನಕ್ಕೆ ಒಂದ್ಸಲ ಮಗ್ಚಿ ಹಾಕೂದೂ ಆಯ್ತು' ಎಂದಳು.

ಅವಳ ಕೈಗೆ ಬಂದ ಒದ್ದೆ ವಸ್ತು ಯಾವುದಿದ್ದರೂ ಅವಳಿಗೆ ಗೊತ್ತಿದ್ದ ಔಷಧ ಅದೊಂದೇ. ಬಂಗಡೆ, ಸೀಗಡಿ, ಮಾವಿನ ಹೋಳು, ಹಾಸಿಗೆ, ಮಕ್ಕಳ ಕೂದಲು, ಎಲ್ಲವನ್ನೂ ಅವಳ ಆಯುಷ್ಯವಿಡೀ ಬಿಸಿಲೇ ಉಳಿಸಿಕೊಟ್ಟಿತ್ತು. ನೀಲಿ, ಕೆಂಪು ಎಲ್ಲ ತಬಕಡಿಗಳೂ ಕರಿದ ಹಪ್ಪಳದಂತೆ ಎದ್ದು ಸುರುಟಿಕೊಂಡಿದ್ದವು. ನಾನು ಹೇಳಿ ಕೊಟ್ಟಿದ್ದ ಆ ಒಂದನ್ನು ಅವಳು ಬಲೆಯ ಮೇಲೆ ಇಟ್ಟಿರಲಿಲ್ಲ. ಅದಕ್ಕೆ ಚಲೋ ಬಿಸಿಲು ಬೀಳಲೆಂದು ಪ್ರತ್ಯೇಕವಾಗಿ ತಗಡಿನ ಮೇಲೆ ಇಟ್ಟಿದ್ದಳು. ತಗಡು ಕಾದು ಕೆಂಡವಾಗಿತ್ತು. ಅದು ಮಡಚಿದ ಎಲೆಯ ಹಾಗಾಗಿತ್ತು, ಗೆರೆಗಳು ಕರಗಿ ಒಂದಕ್ಕೊಂದು ಸೇರಿಕೊಂಡಿದ್ದವು.

ನನಗೆ ಸಿಟ್ಟು ಬಂದರೆ ಹಿಂದುಮುಂದು ಕಾಣುವುದಿಲ್ಲ. ಅಂದೂ ಕಾಣಲಿಲ್ಲ. 'ನಿನ್ನ ಹುಣ್ಣಿಮೆ, ನಿನ್ನ ಬಿಸ್ಲು! ಅಲ್ಲೊಬ್ಳು ಜೀವ ಹಿಡ್ಕೊಂಡು ಕಾಯ್ತಾ ಅದಾಳೆ. ನೀನೇ ಕೊಂದೆ ಅವ್ಳನ್ನ' ಎಂದು ಕೇರಿಗೆಲ್ಲ ಕೇಳುವಂತೆ ಕೂಗಿದೆ. ಆಯಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ತಗಡಿನ ಮೇಲಿನದ್ದನ್ನು ಎತ್ತಿ, ಬಿಸಿ ತಾಳದೆ ಬಕೆಟ್ಟಿನ ನೀರಿಗೆ ಅದ್ದಿ, ಎರಡೂ ಅಂಗೈಯಲ್ಲಿ ಒತ್ತಿ ಸರಿಮಾಡಲು ನೋಡಿದಳು. ಅದು ಟಕ್ಕೆಂದು ಎರಡು ತುಂಡಾಯಿತು. ಅವಳು ಆ ತುಂಡುಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಅವಳಿಗೆ ಹಾಗಂದದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಮುದುಕರಿಗೆ ನಾನು ಸುಳ್ಳು ಬರೆದೆ. ನೆರೆ ಬಂದಿದೆ, ಘಟ್ಟದ ರಸ್ತೆ ಬಂದ್ ಆಗಿದೆ, ಅಂಚೆ ನಡೆಯುತ್ತಿಲ್ಲ. ಮೂರೂ ನಿಜವೇ, ಒಟ್ಟು ಸುಳ್ಳು. ಅವರು ಪಾಪ, ನೀವು ಕ್ಷೇಮವೇ, ತಾಯಿಯವರು ಕ್ಷೇಮವೇ ಎಂದು ಕೇಳಿದರು. ಕೊನೆಯ ಸಾಲಿನಲ್ಲಿ, 'ಡಾಕ್ಟರು ಇನ್ನೊಂದು ವಾರ ಎಂದಿದ್ದಾರೆ' ಎಂದಿತ್ತು. ಎರಡು ದಿನ ನಾನು ಊಟ ಸರಿಯಾಗಿ ಮಾಡಲಿಲ್ಲ. ಆಯಿ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೂತು ಎಲ್ಲ ಬರೆದೆ. ಹುಣ್ಣಿಮೆ, ಬಲೆ, ತಗಡು, ತುಂಡು, ಎಲ್ಲ. ಕಳಿಸುವ ಮೊದಲು ಅದನ್ನು ಆಯಿಗೆ ಓದಿ ಹೇಳಿದೆ, ಯಾಕೆಂದರೆ ಅದರಲ್ಲಿ ಅವಳಿದ್ದಳು.

ಆಯಿ ಕೇಳಿಸಿಕೊಂಡು, 'ಅವ್ಳಿಗೆ ಆ ಹಾಡೇ ಬೇಕಾ, ಆ ತಬಕಡಿನೇ ಬೇಕಾ?' ಎಂದಳು.

'ಹಾಡೇ. ಆದ್ರೆ ಹಾಡು ಎಲ್ಲದೆ ಈಗ?'

'ನಂಗೆ ಬರ್ತದೆ' ಎಂದಳು ಆಯಿ.

ನಾನು ಅವಳ ಮುಖವನ್ನೇ ನೋಡಿದೆ. 'ನಿನ್ನ ಅಪ್ಪ ಹಡಗಿಗೆ ಹೋದ್ರೆ ಹತ್ತು ತಿಂಗ್ಳು ಬರ್ತಿರ್ಲಿಲ್ಲ. ಮೀನು ಮಾರಿ ಬಂದು, ಮಿಂದು, ನಾನು ಇದೊಂದನ್ನೇ ಹಾಕ್ಕೊಂಡು ಕೂತ್ಕೊಳ್ತಿದ್ದೆ. ನೀವಿಬ್ರೂ ಶಾಲೇಲಿ ಇರ್ತಿದ್ರಿ. ಎಂತ ಹೇಳ್ತಾಳೆ ಹೇಳಿ ಗೊತ್ತಿಲ್ಲ. ಅವ್ಳಿಗೂ ಯಾರೋ ದೂರ ಹೋಗಿದ್ರು ಹೇಳಿ ಕಾಣ್ತದೆ' ಎಂದಳು. ಅಪ್ಪನ ತಬಕಡಿಗಳನ್ನು ಆಯಿ ಮುಟ್ಟುತ್ತಿದ್ದಳೆಂದೇ ನನಗೆ ಗೊತ್ತಿರಲಿಲ್ಲ. ಅಕ್ಕಿಮೂಟೆಯ ಜಗಳವನ್ನಷ್ಟೇ ಕೇಳಿಕೊಂಡು ಬಂದವಳು ನಾನು.

ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಅವಳ ಎದುರಿಗೆ ಹಿಡಿದೆ. ಆಯಿ ಕಣ್ಣು ಮುಚ್ಚಿ ಶುರುಮಾಡಿದಳು. ಇಂಗ್ಲಿಷೂ ಅಲ್ಲದ, ಕೊಂಕಣಿಯೂ ಅಲ್ಲದ ಮಾತುಗಳು, ಆದರೆ ರಾಗ ಎಲ್ಲೂ ಜಾರಲಿಲ್ಲ. ಮೀನು ಕೂಗಿ ಮಾರಿದ ಗಂಟಲಿನಲ್ಲಿ ಅಷ್ಟು ಮೆತ್ತಗಿನ ದನಿ ಇದೆಯೆಂದು ನಾನು ಅಂದುಕೊಂಡಿರಲಿಲ್ಲ. ಮೊದಲ ನುಡಿ ಮುಗಿದು ಎರಡನೆಯದಕ್ಕೆ ಹೋಗುವ ಮುಂಚೆ ಅವಳು ಕೆಮ್ಮಿದಳು, ಒಂದು ಸಣ್ಣ, ತಡೆದ ಕೆಮ್ಮು. ನೆರೆಯಿಂದ ಮನೆಯೆಲ್ಲ 'ಥಂಡಿ' ಹಿಡಿದಿತ್ತಲ್ಲ, ಅವಳಿಗೂ ನೆಗಡಿಯಾಗಿದೆ ಅಂದುಕೊಂಡೆ. ನಾನು ರೆಕಾರ್ಡಿಂಗ್ ನಿಲ್ಲಿಸಿದೆ.

'ಯಾಕ್ ನಿಲ್ಸಿದೆ?' ಎಂದು ಆಯಿ ಕಣ್ಣು ಬಿಟ್ಟಳು.

'ಕೆಮ್ಮು ಬಂತಲ್ಲ. ನೀರು ತರ್ತೆ.'

'ಕೆಮ್ಮಿದ್ದು ನಾನಲ್ಲ ಮಾರಾಯ್ತಿ. ಅವ್ಳು. ಅದು ಹಾಡಿನಾಗೇ ಅದೆ.'

ಮತ್ತೆ ಮೊದಲಿನಿಂದ ಹಾಡಿಸಿದೆ. ಅದೇ ಜಾಗದಲ್ಲಿ ಅದೇ ಕೆಮ್ಮು ಬಂತು. ಈ ಸಲ ನಿಲ್ಲಿಸಲಿಲ್ಲ. ಕೊನೆಯಲ್ಲಿ ಹಾಡು ಮುಗಿಯದೆ ದೂರ ಹೋಗುವ ಹಾಗೆ ಆಯಿಯೂ ದನಿ ಸಣ್ಣ ಮಾಡುತ್ತ ಮಾಡುತ್ತ ಸುಮ್ಮನಾದಳು. ನನ್ನ ತಪ್ಪೊಪ್ಪಿಗೆಯ ಜೊತೆ ಅದನ್ನು ಸೇರಿಸಿ ಕಳಿಸಿದೆ. ಹುಣ್ಣಿಮೆಗೆ ಇನ್ನೂ ಎರಡು ವಾರವಿತ್ತು. ಉಪ್ಪುನೀರು ದಾಟಿ ಹೋಗುತ್ತಿದೆ ಎಂದು ನಾನೂ ಹೇಳಲಿಲ್ಲ, ಆಯಿಯೂ ಕೇಳಲಿಲ್ಲ.

ನಾಲ್ಕು ದಿನ ಯಾವ ಸುದ್ದಿಯೂ ಇಲ್ಲ. ಐದನೆಯ ದಿನ ಬಂದದ್ದು ಮುದುಕರಿಂದಲ್ಲ, ಮಗಳಿಂದ. ಫೋನನ್ನು ಅಮ್ಮನ ಎಡಗಿವಿಗೆ ಹಿಡಿದೆ ಎಂದು ಅವರು ಬರೆದಿದ್ದರು. ಅಮ್ಮ ಕಣ್ಣು ಮುಚ್ಚಿಕೊಂಡೇ ಇದ್ದರು, ಕೇಳುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಕೆಮ್ಮು ಬಂದಾಗ ಕಣ್ಣು ತೆರೆದರು. 'ಅಯ್ಯೋ, ಅವತ್ತು ನನಗೆ ಎಂಥ ನೆಗಡಿ ಇತ್ತು' ಎಂದು ನಕ್ಕರು. ಉಳಿದದ್ದನ್ನು ಪೂರ್ತಿ ಕೇಳಿದರು. ಇನ್ನೊಂದು ಸಲ ಹಾಕು ಎಂದರು. ಹಾಡುತ್ತಿರುವ ಈ ಹೆಂಗಸು ಯಾರು ಎಂದು ಕೇಳಿದರು, ಮಗಳು ನಾನು ಬರೆದದ್ದನ್ನೆಲ್ಲ ಹೇಳಿದರಂತೆ. ಮರುದಿನ ಬೆಳಗಿನ ಜಾವ ಅಮ್ಮ ಹೋದರು.

ಆಯಿ ಒಲೆಯ ಮುಂದೆ ಕೂತಿದ್ದಳು. ನಾನು ಪತ್ರವನ್ನು ನಿಧಾನವಾಗಿ ಕೊಂಕಣಿ ಮಾಡಿ ಹೇಳಿದೆ. ಕೊನೆಯ ವಾಕ್ಯಕ್ಕೆ ಬಂದಾಗ ಅವಳ ಮುಖ ನೋಡಿ, ಅದನ್ನು ಓದದೆ ಫೋನು ಮಡಿಲಲ್ಲಿಟ್ಟುಕೊಂಡೆ.

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. 'ಥಂಡಿನೇ ಅಲ್ದಾ ಹಾಂಗಾರೆ. ನಾನು ಎಂತ ದೊಡ್ಡ ಕಾಯಿಲೆಯೇನೋ ಹೇಳಿ ಮಾಡಿದ್ದೆ. ಈಗ ಹೆಂಗದೆ, ಹೋಯ್ತಂತಾ?'

'ಹೋಯ್ತಂತೆ ಆಯಿ' ಎಂದೆ.

'ಚಲೋ ಆಯ್ತು' ಎಂದು ಅವಳು ಒಲೆಗೆ ಕಟ್ಟಿಗೆ ನೂಕಿದಳು. 'ಇಷ್ಟು ವರ್ಷ ಅದೊಂದು ಚಿಂತೆ ಇತ್ತು ನಂಗೆ.'